ರಸಮಟ್ಟನೂ ಉರುಳುವ ಮೊಟ್ಟೆಯೂ

ನೆಲಕ್ಕೆ ಟೈಲ್ಸ್ ಕೂರಿಸುವ ಕಸುಬಿನವರ ನಡುವೆ ಅವನಿಗೆ ರಸಮಟ್ಟ ಎಂದೇ ಹೆಸರು. ರಸಮಟ್ಟ ಎಂದರೆ ಗಾಜಿನ ಕೊಳವೆಯೊಳಗೆ ಗುಳ್ಳೆಯೊಂದು ಓಡಾಡುವ ಕೋಲು. ಗುಳ್ಳೆ ನಟ್ಟನಡುವೆ ನಿಂತರೆ ನೆಲ ಸಮ, ಆಚೀಚೆ ಸರಿದರೆ ನೆಲ ಸೊಟ್ಟ. ಗೇಣುದ್ದದ ಅಂಥದೊಂದು ಕೋಲು ಅವನ ಅಂಗಿಯ ಜೇಬಿನಲ್ಲಿ ಸದಾ ಇರುತ್ತಿತ್ತು. ಮಾವನಾಗುವವನ ಮನೆಗೆ ಮೊದಲ ಸಲ ಊಟಕ್ಕೆ ಹೋದಾಗ ಅದನ್ನು ಅವರ ಮೇಜಿನ ಮೇಲಿಟ್ಟು ನೋಡಿ, ತಲೆ ಅಲ್ಲಾಡಿಸಿ, ಬಗ್ಗಿ ಒಂದು ಕಾಲಿನ ಕೆಳಗೆ ರಟ್ಟು ಮಡಚಿ ತುರುಕಿದ. ಹುಡುಗಿಯ ಮುಖ ನೋಡಿದ್ದು ಆಮೇಲೆ.

ಓದಿದ್ದು ನಾಲ್ಕನೇ ಕ್ಲಾಸು. ಅದೂ ಪೂರ್ತಿಯಲ್ಲ. ಮೇಷ್ಟ್ರು ಹಲಗೆಯ ಮೇಲೆ ಉದ್ದಕ್ಕೊಂದು ಗೆರೆ ಎಳೆದರು. ಗೆರೆ ಸೊಟ್ಟಗಿದೆ ಎಂದು ಇವನು ಎದ್ದು ನಿಂತು ಹೇಳಿದ. ಮೇಷ್ಟ್ರು ಇನ್ನೊಂದು ಎಳೆದರು. ಅದು ಇನ್ನೂ ಸೊಟ್ಟ ಎಂದ. ಹೊರಗೆ ಹೋಗಿ ನಿಲ್ಲು ಎಂದರು, ಹೋಗಿ ನಿಂತ. ಎದುರಿಗೆ ಕಟ್ಟುತ್ತಿದ್ದ ಮನೆಯಲ್ಲಿ ಒಬ್ಬ ಮುದುಕ ದಾರ ಕಟ್ಟಿ, ಅದರ ಗುಂಟ ಒಂದೊಂದೇ ಕಲ್ಲು ಕೂರಿಸುತ್ತಿದ್ದ. ಜಗತ್ತಿನಲ್ಲಿ ನೆಟ್ಟಗೆ ಕೆಲಸ ಮಾಡುವ ಮನುಷ್ಯನೂ ಒಬ್ಬನಿದ್ದಾನೆ ಎಂದು ಹುಡುಗನಿಗೆ ಅವತ್ತೇ ತಿಳಿದದ್ದು. ರಸ್ತೆ ದಾಟಿ ಅವನ ಪಕ್ಕ ಹೋಗಿ ಕುಕ್ಕರಗಾಲಿನಲ್ಲಿ ಕೂತವನು ಮತ್ತೆ ಶಾಲೆಯ ಕಡೆ ತಿರುಗಿ ನೋಡಲಿಲ್ಲ. ಈಗ ವಯಸ್ಸು ಐವತ್ತೆರಡು. ಮಂಡಿ ಎರಡೂ ಕಲ್ಲಿನಂತಾಗಿವೆ, ಕೋಪ ಮಾತ್ರ ಹಾಗೇ ಹಸಿಯಾಗಿದೆ.

ಅವನ ಜೊತೆ ಇಪ್ಪತ್ತೆರಡು ವರ್ಷ ಬಾಳಿದವರು ಇಬ್ಬರೇ. ಒಬ್ಬಳು ಹೆಂಡತಿ. ಇನ್ನೊಬ್ಬ ವಾಷರ್ ಎಂಬ ಅಡ್ಡಹೆಸರಿನ ಪ್ಲಂಬರು. ರಸಮಟ್ಟನೂ ಅವನೂ ಒಂದೇ ಕೆಲಸದ ಜಾಗದಲ್ಲಿ ಸಿಕ್ಕಿ, ಅಲ್ಲಿಂದಾಚೆಗೆ ಎಲ್ಲೇ ಕೆಲಸ ಹಿಡಿದರೂ ಜೊತೆಯಲ್ಲೇ ಹಿಡಿದವರು. ವಾಷರ್ ನೆಲದ ಕೆಳಗೆ ಪೈಪು ಹಾಕುವುದು, ರಸಮಟ್ಟ ಅದರ ಮೇಲೆ ನೆಲ ಮುಚ್ಚುವುದು. ಇವನು ಕೂಗಾಡುವುದು, ಅವನು ಬೀಡಿ ಕಚ್ಚಿಕೊಂಡು ಕೇಳಿಸಿಕೊಳ್ಳುವುದು. ಐದಾರು ವರ್ಷದಿಂದ ರಸಮಟ್ಟನ ಹೆಂಡತಿಯ ತಮ್ಮ, ಬಣ್ಣ ಹೊಡೆಯುವವನು, ಮೂರನೆಯವನಾಗಿ ಸೇರಿಕೊಂಡಿದ್ದ. ಮನೆ ಮುಗಿಸಿ ಕೊಡಲು ಬೇರೆಯವರು ಬೇಕಾಗುತ್ತಿರಲಿಲ್ಲ.

ಅಂಥ ಜೋಡಿ ನಾಲ್ಕು ತಿಂಗಳಿಂದ ಮಾತು ಬಿಟ್ಟಿತ್ತು.

ಕಾರಣ ಒಂದು ಬಚ್ಚಲು. ಕೆಲಸದಿಂದ ನಿವೃತ್ತಳಾದ ಒಬ್ಬ ನರ್ಸಮ್ಮನ ಮನೆಯದು. ಬಚ್ಚಲಿನ ನೆಲಕ್ಕೆ ಇಳಿಜಾರು ಕೊಡಬೇಕು, ನೀರು ಜಾಲರಿಯ ಕಡೆ ಹರಿಯಬೇಕು. ಇದಕ್ಕೆ ಅವರ ಕಸುಬಿನಲ್ಲಿ ವಾಟ ಎನ್ನುತ್ತಾರೆ. ನಿನ್ನೆ ಮೊನ್ನೆ ಕರಣೆ ಹಿಡಿದವನಿಗೂ ಗೊತ್ತಿರುವ ವಿಷಯ. ಆದರೆ ಅವತ್ತು ಬೆಳಿಗ್ಗೆ ರಸಮಟ್ಟ ಸಿಮೆಂಟ್ ಅಂಗಡಿಯವನ ಜೊತೆ ಹಾರಾಡಿ ಬಂದಿದ್ದ. ತಲೆ ಆ ಅಂಗಡಿಯಲ್ಲೇ ಇತ್ತು, ಕೈ ಮಾತ್ರ ಕೆಲಸ ಮಾಡಿತು. ಕೈಗೆ ಗೊತ್ತಿದ್ದದ್ದು ಒಂದೇ, ಸಮ ಮಾಡುವುದು. ಬಚ್ಚಲು ಎಷ್ಟು ಸಮವಾಯಿತೆಂದರೆ, ನರ್ಸಮ್ಮ ಒಂದು ಬಕೆಟ್ ನೀರು ಸುರಿದಾಗ ಅದು ಎತ್ತ ಹೋಗಬೇಕೆಂದು ತಿಳಿಯದೆ ನಿಂತಲ್ಲೇ ನಿಂತಿತು. ಪೈಪು ಕಟ್ಟಿಕೊಂಡಿದೆಯೇನಪ್ಪಾ ಎಂದು ಆಕೆ ವಾಷರನನ್ನು ಕೇಳಿದಳು. ವಾಷರ್ ಬೀಡಿ ತೆಗೆದು, ಪೈಪು ಸರಿಯಾಗಿದೆ ಅಮ್ಮ, ನೆಲದ್ದೇ ತಪ್ಪು ಎಂದುಬಿಟ್ಟ.

ತಪ್ಪು ಎಂದು ರಸಮಟ್ಟನಿಗೂ ಗೊತ್ತಿತ್ತು. ಮಾರನೆಯ ದಿನ ಸದ್ದಿಲ್ಲದೆ ಕಿತ್ತು ಹಾಕಿಕೊಡುತ್ತಿದ್ದನೋ ಏನೋ. ಆದರೆ ಮನೆಯವರ ಮುಂದೆ, ಅದೂ ತನ್ನವನೇ ಹೇಳಿಬಿಟ್ಟನಲ್ಲ. ಅಲ್ಲೇ ಕರಣೆ ಬಿಸಾಕಿ ಹೊರಟ. ಇನ್ನು ನಿನ್ನ ಜೊತೆ ನನ್ನ ಬಾಯಿ ಆಡಿದರೆ ಕೇಳು ಎಂದ. ವಾಷರ್ ಸರಿ ಎಂದ. ಅಷ್ಟೇ.

ಕೆಲಸ ಮಾತ್ರ ಬಿಡಲಿಲ್ಲ, ಬಿಟ್ಟರೆ ಮನೆ ನಡೆಯಬೇಕಲ್ಲ. ಒಂದೇ ಮನೆಯ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ತಾಗಿಸಿ ಕೂತು ದುಡಿದರು. ಮಾತು ಬೇಕಾದಾಗ ಬಾಮೈದನ ಮೂಲಕ. ಬಾಮೈದ ಏಣಿಯ ಮೇಲಿದ್ದರೆ ಕೈಗೆ ಸಿಕ್ಕ ಸಾಮಾನಿನ ಮೂಲಕ. ಈ ಪೈಪನ್ನು ಇಲ್ಲಿಂದ ಯಾರಾದರೂ ತೆಗೆದರೆ ನಾನು ಮುಂದಕ್ಕೆ ಹೋಗಬಹುದು ಎಂದು ರಸಮಟ್ಟ ಸಿಮೆಂಟ್ ಚೀಲಕ್ಕೆ ಹೇಳುವನು. ಇನ್ನು ಹತ್ತು ನಿಮಿಷ ಆಗುತ್ತೆ ಎಂದು ವಾಷರ್ ಬಕೆಟ್ಟಿಗೆ ಹೇಳುವನು. ಮನೆಯ ಯಜಮಾನರು ಬಂದವರು, ಈ ಇಬ್ಬರಿಗೂ ಸ್ವಲ್ಪ ಬಿಸಿಲು ತಾಗಿದೆ ಎಂದುಕೊಂಡು ಹಿಂದಕ್ಕೆ ಹೋಗುವರು.

ಹೀಗೇ ಇನ್ನೂ ನಾಲ್ಕು ವರ್ಷ ಎಳೆಯುತ್ತಿತ್ತು. ಅಷ್ಟರಲ್ಲಿ ದೊಡ್ಡ ಕಟ್ಟಡ ಕಟ್ಟುವ ಕಂಪನಿಯವರು ವಾಷರನನ್ನು ಕರೆದರು. ತಿಂಗಳ ಸಂಬಳ, ಅವರದೇ ವ್ಯಾನು, ಸೋಮವಾರ ಬೆಳಿಗ್ಗೆ ಅದು ಬಂದಾಗ ಹತ್ತಿದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಸುದ್ದಿ ತಂದವನು ಬಾಮೈದ. ರಸಮಟ್ಟ, ಹೋಗಲಿ, ಊರಿಗೊಬ್ಬನೇ ಪ್ಲಂಬರೇ ಎಂದ. ಆಮೇಲೆ ಅವತ್ತು ಕತ್ತರಿಸಿದ ಏಳು ಟೈಲ್ಸಿನಲ್ಲಿ ಐದು ಅಳತೆ ತಪ್ಪಿದವು. ಮನೆಗೆ ಬಂದು ಊಟಕ್ಕೆ ಕೂತು, ಸಾರಿನ ಪಾತ್ರೆಯನ್ನೇ ನೋಡುತ್ತ ಹತ್ತು ನಿಮಿಷ ಕಳೆದ.

ಹೆಂಡತಿ ಎಲ್ಲ ನೋಡಿ ಹೇಳಿದಳು. "ರೀ, ಬೇಡ ಹೋಗ್ಬೇಡ ಅಂತ ಒಂದು ಮಾತು ಅವರಿಗೆ ಹೇಳೋಕೆ ನಿಮ್ಮ ಗಂಟೇನು ಹೋಗುತ್ತೆ?"

"ಅವನೇ ಮೊದಲು ಮಾತಾಡ್ಲಿ."

"ಮಾತು ಬಿಟ್ಟೋರು ನೀವು."

ಅವನು ಎದ್ದು ಹೋಗಿ ಕೈ ತೊಳೆದ.

ದಾರಿ ಹುಡುಕಿದವನು ಬಾಮೈದನೇ. ಪೇಟೆಯ ಬೀದಿಯಲ್ಲಿ ಹೊಸದೊಂದು ಹೋಟೆಲು ತೆರೆದಿತ್ತು, ಅದರ ಗೋಡೆಗೆ ಬಣ್ಣ ಬಳಿದವನು ಅವನು. ಒಡತಿಗೆ ಕೆಲಸ ಮೆಚ್ಚಿಗೆಯಾಗಿ, ಶನಿವಾರ ಸಂಜೆ ಗೆಳೆಯರನ್ನು ಕರೆದುಕೊಂಡು ಬಾ, ಊಟ ನನ್ನದು ಎಂದಿದ್ದಳು. ಬಾಮೈದ ಭಾವನಿಗೂ ಹೇಳಿದ, ವಾಷರನಿಗೂ ಹೇಳಿದ. ಇನ್ನೊಬ್ಬ ಬರುತ್ತಾನೆಂದು ಇಬ್ಬರಿಗೂ ಹೇಳಲಿಲ್ಲ. ದೊಡ್ಡ ಹೋಟೆಲಿನ ಬಿಟ್ಟಿ ಊಟ ಎಂದು ಮೂವರೂ ಮಧ್ಯಾಹ್ನದ ಊಟ ಬಿಟ್ಟರು. ರಸಮಟ್ಟ ಬೆಳಗಿನ ತಿಂಡಿಯನ್ನೂ ಅರ್ಧಕ್ಕೆ ನಿಲ್ಲಿಸಿದ್ದ.

ಸಂಜೆ ಆರಕ್ಕೆ ಹೋಟೆಲಿನ ಬಾಗಿಲಲ್ಲಿ ಇಬ್ಬರೂ ಎದುರಾದರು. ವಾಷರ್ ಇಸ್ತ್ರಿ ಅಂಗಿ ಹಾಕಿ ತಲೆ ಬಾಚಿದ್ದ. ರಸಮಟ್ಟ ಮದುವೆಗೆ ಹೊಲಿಸಿದ ಕೋಟು ಹಾಕಿದ್ದ, ಹೊಟ್ಟೆಯ ಮೇಲೆ ಗುಂಡಿ ಕೂಡುತ್ತಿರಲಿಲ್ಲ. ಇಬ್ಬರೂ ಬಾಮೈದನ ಮುಖ ನೋಡಿದರು. ಬಾಮೈದ ಆಕಾಶ ನೋಡಿದ. ಹಿಂದಕ್ಕೆ ಹೋಗಲು ಇಬ್ಬರ ಹೊಟ್ಟೆಯೂ ಬಿಡಲಿಲ್ಲ.

ಒಳಗೆ ಹೋದರೆ ಮಬ್ಬು ಬೆಳಕು. ತಂತಿಯ ತುದಿಗೆ ಬಲ್ಬುಗಳು ಒಂದೊಂದೇ ತೂಗುತ್ತಿದ್ದವು, ಒಂದರ ಮೇಲೂ ಗಾಜಿನ ಮುಚ್ಚಿಗೆ ಇಲ್ಲ. ಗೋಡೆ ನೋಡಿ ರಸಮಟ್ಟ ಬೆಚ್ಚಿದ. ಅಲ್ಲಲ್ಲಿ ಸುಲಿದು, ಕಲೆಗಟ್ಟಿ, ನೂರು ವರ್ಷದ ಹಾಳುಮನೆಯಂತಿತ್ತು. ಇದೇನೋ ನೀನು ಬಳಿದದ್ದು ಎಂದು ಕೇಳಿದ. ಅವರಿಗೆ ಹಾಗೇ ಬೇಕಂತೆ ಭಾವ, ಹೊಸ ಬಣ್ಣ ಬಳಿದು ಆಮೇಲೆ ಮೂರು ದಿನ ಕೆರೆದೆ ಎಂದು ಬಾಮೈದ ಹೆಮ್ಮೆಯಿಂದ ಹೇಳಿದ. ರಸಮಟ್ಟನಿಗೆ ಏನೋ ಹೇಳಬೇಕೆನಿಸಿತು. ಇವತ್ತು ಕೂಗಾಡುವುದಿಲ್ಲ ಎಂದು ಹೆಂಡತಿಯ ಮುಂದೆ ಹೇಳಿ ಬಂದಿದ್ದರಿಂದ ನುಂಗಿಕೊಂಡ.

ವಾಷರ್ ಮಾತ್ರ ಗೋಡೆ ನೋಡಲಿಲ್ಲ. ಒಳಗೆ ಕಾಲಿಟ್ಟವನೇ ನೆಲ ನೋಡಿದ, ಮೂಲೆ ನೋಡಿದ, ಹಿಂದಿನ ಗೋಡೆಯ ಬುಡ ನೋಡಿದ. ತುಟಿಯ ಒಂದು ಕೊನೆ ಸ್ವಲ್ಪ ಮೇಲಕ್ಕೆ ಹೋಯಿತು. ಕುರ್ಚಿ ಎಳೆದು ಕೂತ.

ಮೇಜು ಎಷ್ಟು ಚಿಕ್ಕದೆಂದರೆ ಮೂವರ ಮೊಣಕೈ ಇಡಲು ಸರದಿ ಬೇಕಾಗಿತ್ತು. ಬಡಿಸುವ ಹುಡುಗಿ ಬಂದು, ಇಲ್ಲಿ ಎಲ್ಲ ಚಿಕ್ಕ ಚಿಕ್ಕ ತಟ್ಟೆ, ಎಂಟು ಹತ್ತು ಬಗೆ ಒಂದೊಂದಾಗಿ ಬರುತ್ತವೆ, ಎಲ್ಲರೂ ಹಂಚಿಕೊಂಡು ತಿನ್ನಬೇಕು ಎಂದು ವಿವರಿಸಿದಳು. ಆಯ್ತಮ್ಮ ತಾ ಎಂದ ರಸಮಟ್ಟ.

ಮೊದಲ ತಟ್ಟೆ ಬಂತು. ಅಂಗೈ ಅಗಲ. ಅದರ ಮೇಲೆ ಹುರಿದ ಅಣಬೆ ನಾಲ್ಕು. ರಸಮಟ್ಟ ಅದು ರುಚಿ ನೋಡಲು ತಂದದ್ದೆಂದು ತಿಳಿದು ಒಂದನ್ನು ಬಾಯಿಗೆ ಹಾಕಿ, ಉಪ್ಪು ಸರಿಯಾಗಿದೆ, ಊಟ ತನ್ನಿ ಎಂದ. ಇದೇ ಊಟ ಸರ್ ಎಂದಳು ಹುಡುಗಿ.

"ಒಂದು ಊಟನ ಮೂರು ಜನ ಹಂಚ್ಕೊಂಡಿದ್ದು ನೋಡಿದೀನಿ," ಎಂದ ರಸಮಟ್ಟ ಬಾಮೈದನ ಕಿವಿಯಲ್ಲಿ. "ಒಂದು ತುತ್ತನ್ನ ಹಂಚ್ಕೊಳ್ಳೋದು ಇವತ್ತೇ ನೋಡ್ತಿರೋದು."

ತೊಂದರೆ ಬೇರೆಯೇ ಇತ್ತು. ಮೂವರು ಒಂದೊಂದು ತಿಂದರು, ತಟ್ಟೆಯಲ್ಲಿ ಒಂದು ಉಳಿಯಿತು. ಬೇರೆ ಕಾಲವಾಗಿದ್ದರೆ ವಾಷರ್ ಅದನ್ನು ಎರಡು ಹೋಳು ಮಾಡಿ ದೊಡ್ಡದನ್ನು ಇವನ ಕಡೆ ತಳ್ಳುತ್ತಿದ್ದ. ಈಗ ಹೇಗೆ? ಎತ್ತಿಕೊಂಡರೆ ದುರಾಸೆಯವನಾದೆ. ಬಿಟ್ಟರೆ ಅವನಿಗಾಗಿ ಬಿಟ್ಟಂತಾಯಿತು. ಇಬ್ಬರೂ ತೂಗಿ ನೋಡಿ ಬಿಟ್ಟರು. ರಸಮಟ್ಟನಿಗಂತೂ ವಾಷರ್ ಅದನ್ನು ತಿಂದುಬಿಟ್ಟರೆ ಸಾಕು, ಅಲ್ಲಿಂದ ಮಾತಿಗೊಂದು ದಾರಿಯಾದೀತು ಎಂಬ ಆಸೆ. ಮೆಣಸಿನ ಪುಡಿಯ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಈ ನಾಲ್ಕನೇದನ್ನ ಯಾರಾದರೂ ತಿಂದರೆ ಚೆನ್ನಾಗಿರುತ್ತೆ ಎಂದು ಅದಕ್ಕೆ ತಿಳಿಸಿದ. ನನಗೆ ಹೊಟ್ಟೆ ತುಂಬಿದೆ ಅಂತ ಹೇಳಪ್ಪಾ ಎಂದು ವಾಷರ್ ಬಾಮೈದನಿಗೆ ಹೇಳಿದ. ಅದೇ ಹೊತ್ತಿಗೆ ಅವನ ಹೊಟ್ಟೆ ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ ಗುರ್ ಎಂದಿತು.

ಎರಡನೇ ತಟ್ಟೆ ಸುಟ್ಟ ಗೆಣಸು, ನಾಲ್ಕು ಹೋಳು. ಒಂದು ಉಳಿಯಿತು. ಮೂರನೇದು ಬೆರಳುದ್ದದ ಮೀನು ನಾಲ್ಕು. ಒಂದು ಉಳಿಯಿತು. ನಾಲ್ಕನೇದು ಯಾವುದೋ ಎಲೆಯಲ್ಲಿ ಸುತ್ತಿದ್ದು, ಬಿಚ್ಚಿ ನೋಡಿದರೆ ಒಳಗೆ ಇನ್ನೊಂದು ಎಲೆ. ಅದರಲ್ಲೂ ಒಂದು ಉಳಿಯಿತು. ತಿನ್ನುವುದು ಉಳಿದ ತಟ್ಟೆಯನ್ನು ಎತ್ತುವಂತಿಲ್ಲವಾಗಿ ಹುಡುಗಿ ಅದನ್ನು ಹಾಗೇ ಬಿಟ್ಟಳು. ಮೇಜು ತುಂಬಿತು. ಐದನೇ ತಟ್ಟೆಯನ್ನು ಬಾಮೈದ ತೊಡೆಯ ಮೇಲೆ ಇಟ್ಟುಕೊಂಡ. ಇವರಿಗೆ ಊಟ ಮೆಚ್ಚಿಗೆಯಾಗಿಲ್ಲವೆಂದು ತಿಳಿದ ಹುಡುಗಿ ಒಳಗೆ ಹೋಗಿ ಅಡುಗೆಯವನಿಗೆ ಹೇಳಿದಳು. ಅಡುಗೆಯವನು ಬೇಜಾರಾಗಿ ಪಟ್ಟಿಯಲ್ಲಿಲ್ಲದ ಇನ್ನೂ ಎರಡು ತಟ್ಟೆ ಕಳಿಸಿದ. ಅವುಗಳಲ್ಲೂ ನಾಲ್ಕು ನಾಲ್ಕು. ಮೂವರು ಹಸಿದ ಗಂಡಸರು ಅಷ್ಟೊಂದು ತಿಂಡಿ ಮುಂದಿಟ್ಟುಕೊಂಡು, ನಾಲಗೆ ಹೊರಳಿಸುತ್ತ, ಮುಟ್ಟದೆ ಕೂತಿದ್ದರು. ಬಾಮೈದ ಧೈರ್ಯ ಮಾಡಿ ಒಂದು ಗೆಣಸಿಗೆ ಕೈ ಹಾಕಿದ. ಎರಡೂ ಕಡೆಯಿಂದ ಎರಡು ಕಾಲು ಮೇಜಿನಡಿ ಅವನನ್ನು ಒದ್ದವು.

ಆಗ ಬಂತು ಮೊಟ್ಟೆ.

ಕೋಳಿಯದಲ್ಲ, ಯಾವುದೋ ಪುಟ್ಟ ಹಕ್ಕಿಯದು, ಗೋಲಿಗಿಂತ ಸ್ವಲ್ಪ ದೊಡ್ಡದು. ಬೇಯಿಸಿ, ಸುಲಿದು, ಹೊಗೆ ಹಿಡಿಸಿ, ನಾಲ್ಕನ್ನು ಒಂದು ಕಪ್ಪು ಕಲ್ಲಿನ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದರು. ಹಲಗೆಗೆ ಅಂಚಿಲ್ಲ. ಹುಡುಗಿ ಅದನ್ನು ಮೇಜಿನ ತುದಿಯಲ್ಲಿ ಉಳಿದ ಅಂಗುಲ ಜಾಗದಲ್ಲಿ ಇಟ್ಟು ಕೈ ಬಿಟ್ಟಳು. ಒಂದು ಮೊಟ್ಟೆ ಹೊರಟಿತು. ಮೆಲ್ಲಗೆ ಹಲಗೆ ದಾಟಿತು, ಮೇಜು ದಾಟಿತು, ರಸಮಟ್ಟನ ಬೂಟಿನ ಮೇಲೆ ಬಿದ್ದು ಪೆಟ್ಟಾಗದೆ ನೆಲಕ್ಕಿಳಿಯಿತು. ಅಲ್ಲಿಗಾದರೂ ನಿಲ್ಲಬೇಕಲ್ಲ, ನಿಲ್ಲಲಿಲ್ಲ. ಯಾರೋ ಕರೆದಂತೆ, ಕುರ್ಚಿಯ ಕಾಲುಗಳ ನಡುವೆ, ಪಕ್ಕದ ಮೇಜಿನ ಹೆಂಗಸಿನ ಚೀಲವನ್ನು ಬಳಸಿ, ಹಿಂದಿನ ಗೋಡೆಯ ಮೂಲೆಯಲ್ಲಿದ್ದ ದೊಡ್ಡ ಹೂವಿನ ಕುಂಡದ ಕಡೆಗೆ ಉರುಳುತ್ತ ಹೋಗಿ ಅದರ ಬುಡದಲ್ಲಿ ಮರೆಯಾಯಿತು.

ರಸಮಟ್ಟನ ಮುಖ ಬದಲಾಯಿತು. ಎರಡನೇ ಮೊಟ್ಟೆಯನ್ನು ತೆಗೆದು, ಬಗ್ಗಿ, ನೆಲದ ಮೇಲೆ ತಾನೇ ಇಟ್ಟ. ಅದೂ ಅದೇ ದಾರಿ ಹಿಡಿಯಿತು. ಮೂರನೇದಕ್ಕೆ ಕೈ ಹಾಕುವಾಗ ಬಾಮೈದ, ಭಾವ, ಅದನ್ನ ತಿನ್ನಬಹುದು ಎಂದು ಗೋಗರೆದ. ರಸಮಟ್ಟ ಅದನ್ನು ಬಿಟ್ಟ. ಕೋಟಿನೊಳಗಿಂದ ಕೋಲು ಬಂತು. ನಾಲ್ಕೂ ಕೈಕಾಲಿನ ಮೇಲೆ ನಿಂತು, ಕೆನ್ನೆಯನ್ನು ನೆಲಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ ನೋಡಿದ. ಗುಳ್ಳೆ ಕೊಳವೆಯ ಒಂದು ಕೊನೆಗೆ ಹೋಗಿ ಅಂಟಿಕೊಂಡಿತ್ತು.

ಹೆಂಡತಿಗೆ ಕೊಟ್ಟ ಮಾತು ಅಲ್ಲಿಗೆ ಮುಗಿಯಿತು. ಎದ್ದು ನಿಂತು ಇಡೀ ಹೋಟೆಲಿಗೆ ಕೇಳುವಂತೆ ಶುರು ಮಾಡಿದ. ಇದು ನೆಲವೋ ಜಾರುಬಂಡೆಯೋ. ಇದರ ಮೇಲೆ ಮನುಷ್ಯರನ್ನು ಕೂರಿಸಿ ಅನ್ನ ಹಾಕುತ್ತಾರಲ್ಲ, ಇನ್ನರ್ಧ ಗಂಟೆ ಕೂತರೆ ನಾವೂ ಆ ಕುಂಡದ ಹತ್ತಿರ ಹೋಗಿ ಸೇರುತ್ತೇವೆ. ಇಂಥ ಕೆಲಸ ಮಾಡಿದವನು ಕಣ್ಣು ಮನೆಯಲ್ಲಿಟ್ಟು ಬಂದಿದ್ದನೋ, ಇಲ್ಲ ಹುಟ್ಟುವಾಗಲೇ ತಂದಿರಲಿಲ್ಲವೋ. ಅವನನ್ನು ಕರೆಸಿ, ಅವನ ಮೂತಿಯನ್ನೇ ಈ ನೆಲದ ಮೇಲಿಟ್ಟು ಉರುಳಿಸಬೇಕು. ಹೀಗೆ ಉಸಿರು ಕಟ್ಟುವವರೆಗೂ ಬೈದ. ಜನ ಚಮಚ ಕೆಳಗಿಟ್ಟು ಕೇಳಿದರು. ಒಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಇದು ಮೊದಲಿಂದ ಇದ್ದ ನೆಲ ಸರ್, ಹಳೆಯದು ಚೆನ್ನಾಗಿದೆ ಅಂತ ಹಾಗೇ ಬಿಟ್ಟೆವು ಎಂದಳು.

"ಚೆನ್ನಾಗಿದೆಯಾ? ಇಂಥವನ ಕೈಗೆ ಕರಣೆ ಕೊಟ್ಟ ಪುಣ್ಯಾತ್ಮ ಯಾರು ಅಂತ ಕೇಳ್ತೀನಿ ನಾನು."

ಅಲ್ಲಿಯವರೆಗೆ ವಾಷರ್ ತಲೆ ತಗ್ಗಿಸಿ ಕೂತಿದ್ದ. ಈಗ ನೀರಿನ ಜಗ್ಗನ್ನು ಮುಂದಕ್ಕೆ ಎಳೆದು, ಅದರ ಮುಖ ತನ್ನ ಕಡೆ ತಿರುಗಿಸಿ, ಅದಕ್ಕೆ ಮೆಲ್ಲಗೆ ಹೇಳಿದ. "ಕೊಟ್ಟವನು ನಾನೇ. ಇಪ್ಪತ್ತೆರಡು ವರ್ಷದ ಹಿಂದೆ. ಆಗ ಇದು ಬಟ್ಟೆ ಒಗೆಯೋ ಅಂಗಡಿ. ಬಾಗಿಲು ಹಿಂದಿನ ಓಣಿ ಕಡೆ ಇತ್ತು."

ರಸಮಟ್ಟ ತಿರುಗಿ ನೆಲ ನೋಡಿದ. ಬೂದು ಬಣ್ಣದ ಟೈಲ್ಸು. ಗೋಡೆಯ ಅಂಚಿಗೆ ಕಿರುಬೆರಳಷ್ಟು ಬಿಟ್ಟು ಓಡುವ ಗೆರೆ. ಆ ಗೆರೆಯನ್ನು ಹಾಗೆ ಬಿಡುವವನು ಈ ಕಸುಬಿನಲ್ಲಿ ಒಬ್ಬನೇ. ವಾಷರ್ ಮೊದಲ ಸಲ ತನ್ನನ್ನು ಕರೆದುಕೊಂಡು ಹೋದ ಕೆಲಸ. ಆವಿ ತುಂಬಿದ ಅಂಗಡಿ, ಸಾಲು ಸಾಲು ಯಂತ್ರ, ಹಗಲೆಲ್ಲ ನೀರು. ಮೂಲೆಯಲ್ಲಿ ಜಾಲರಿ ಇಟ್ಟಿದ್ದೀನಿ, ಅಲ್ಲಿಗೆ ನೀರು ತಾನಾಗೇ ನಡೆದು ಬರಬೇಕು ಎಂದು ವಾಷರ್ ಹೇಳಿದ್ದ. ತಾನು ಹಾಗೇ ಮಾಡಿಕೊಟ್ಟಿದ್ದ. ಅಂದರೆ ಇಷ್ಟು ಹೊತ್ತು ಮೂತಿ ಉರುಳಿಸಬೇಕೆಂದದ್ದು ಯಾರದ್ದು?

ಬೇರೆ ಯಾರಾದರೂ ಆಗಿದ್ದರೆ ನಕ್ಕು ಕೂತುಬಿಡುತ್ತಿದ್ದರು. ಇವನು ಅಲ್ಲಿಯೂ ಸೋಲಲಿಲ್ಲ. ನನ್ನ ನೆಲ ಆಗಿದ್ದರೆ ಮೊಟ್ಟೆ ಹೋದ ದಾರಿಯಲ್ಲೇ ನೀರು ಹೋಗಬೇಕು, ಒಂದು ಹನಿ ಆಚೀಚೆ ಹೋಗಬಾರದು, ಹೋದರೆ ಇದು ನನ್ನದಲ್ಲ ಎಂದ. ಹಾಗಾದರೆ ನೋಡೇಬಿಡಲಿ ಎಂದ ವಾಷರ್, ಜಗ್ಗಿಗೆ. ರಸಮಟ್ಟ ಜಗ್ಗು ಎತ್ತಿ, ಒಡತಿ ಅಯ್ಯೋ ಎನ್ನುವಷ್ಟರಲ್ಲಿ, ಪೂರ್ತಿ ಜಗ್ಗು ನೀರನ್ನು ನೆಲಕ್ಕೆ ಸುರಿದ.

ನೀರು ಒಂದು ಗಳಿಗೆ ಹರಡಿಕೊಂಡು ನಿಂತಿತು. ಆಮೇಲೆ ಒಟ್ಟುಗೂಡಿ ಹೊರಟಿತು. ಊಟಕ್ಕೆ ಬಂದವರು ಸಾಲಾಗಿ ಕಾಲು ಮೇಲಕ್ಕೆತ್ತಿದರು. ಚೀಲದ ಹೆಂಗಸು ಚೀಲವನ್ನು ತಲೆಯ ಮೇಲೆ ಇಟ್ಟುಕೊಂಡಳು. ನೀರು ಯಾರ ಗೊಡವೆಗೂ ಹೋಗದೆ, ಒಂದೇ ಗೆರೆಯಾಗಿ, ಮೊಟ್ಟೆ ಹೋದ ದಾರಿಯಲ್ಲೇ ಹೋಗಿ ಕುಂಡದ ಸುತ್ತ ನಿಂತುಕೊಂಡಿತು. ಹಿಂದೆ ಒಂದು ಹನಿ ಉಳಿದಿರಲಿಲ್ಲ. ಯಾರೋ ಒಬ್ಬರು ಚಪ್ಪಾಳೆ ತಟ್ಟಿ, ತಟ್ಟಬಾರದಿತ್ತೇನೋ ಎಂದು ನಿಲ್ಲಿಸಿದರು.

ಒಡತಿ ಹಣೆಗೆ ಕೈ ಹಚ್ಚಿದಳು. ದಿನಾ ನೆಲ ಒರೆಸಿದ ಮೇಲೆ ಆ ಕುಂಡದ ಸುತ್ತ ನೀರು ನಿಲ್ಲುತ್ತಿತ್ತಂತೆ. ಕುಂಡ ಸೋರುತ್ತದೆಂದು ಮೂರು ಕುಂಡ ಬದಲಾಯಿಸಿದ್ದಳಂತೆ. ಒಂದು ಗಿಡ ಕೊಳೆತೂ ಹೋಗಿತ್ತಂತೆ. ಅದರ ಕೆಳಗೆ ಜಾಲರಿ ಇದೆಯೆಂದು ಅವಳಿಗೆ ಯಾರು ಹೇಳಬೇಕು?

ರಸಮಟ್ಟ ಕೋಟು ಬಿಚ್ಚಿ ಬಾಮೈದನ ಮೇಲೆ ಎಸೆದು ಹೋಗಿ ಕುಂಡವನ್ನು ತಬ್ಬಿಕೊಂಡ. ಗಿಡ್ಡ ಕಾಲುಗಳ ಮೇಲೆ ನಿಂತ ಸೊಂಟದೆತ್ತರದ ಸಿಮೆಂಟಿನ ಕುಂಡ, ಒಳಗೆ ಒದ್ದೆ ಮಣ್ಣು. ಒಂದು ಸಲ ಹೂಂಕರಿಸಿ ಎಳೆದ. ಕುಂಡ ಅಲ್ಲಾಡಲಿಲ್ಲ, ಇವನ ಸೊಂಟ ಅಲ್ಲಾಡಿತು. ಹಿಂದೆ ಬಂದು ನಿಂತ ವಾಷರ್, ಇದನ್ನ ಒಬ್ಬನೇ ಎತ್ತೋಕಾಗಲ್ಲ ಎಂದ. ಕುಂಡಕ್ಕೆ ಹೇಳಿದ.

ರಸಮಟ್ಟನೂ ಕುಂಡಕ್ಕೇ ಉತ್ತರ ಹೇಳಲು ಬಾಯಿ ತೆರೆದ. ಬಾಯಿಗೆ ಎಲೆ ಹೋಯಿತು. ಥೂ ಎಂದು ಉಗಿದು ತಲೆ ಎತ್ತಿದರೆ ಎದುರಿಗೆ ವಾಷರನ ಮುಖ, ಒಂದು ಮೊಳ ದೂರದಲ್ಲಿ. ನಾಲ್ಕು ತಿಂಗಳಿಂದ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಹುಬ್ಬಿನಲ್ಲಿ ಎರಡು ಬಿಳಿಕೂದಲು ಹೊಸದಾಗಿ ಬಂದಿದ್ದವು. ನಾಡಿದ್ದು ಸೋಮವಾರ. ಕಂಪನಿಯ ವ್ಯಾನು ಬಂದು ಇವನನ್ನು ಹತ್ತಿಸಿಕೊಂಡು ಹೋದರೆ, ಮುಂದಿನ ಮನೆಯ ಕೆಲಸದಲ್ಲಿ ತಾನು ಕೂಗಾಡುವುದು ಯಾರ ಮೇಲೆ? ಕೇಳಿಸಿಕೊಂಡೂ ಮಾರನೆಯ ದಿನ ಮತ್ತೆ ಬರುವವನು ಬೇರೆ ಯಾರಿದ್ದಾನೆ?

"ಆ ಕಡೆ ಹಿಡ್ಕೋ," ಎಂದ.

ವಾಷರ್ ಹಿಡಿದುಕೊಂಡ. ಇಬ್ಬರೂ ಒಂದೇ ಉಸಿರಿಗೆ ಎತ್ತಿ ಕುಂಡವನ್ನು ಪಕ್ಕಕ್ಕಿಟ್ಟರು. ಕೆಳಗೆ ಜಾಲರಿ ಇತ್ತು, ಅದರ ಮೇಲೆ ಎರಡು ಮೊಟ್ಟೆ. ವಾಷರ್ ಮಂಡಿಯೂರಿ, ಪಕ್ಕದ ಮೇಜಿನವರ ಫೋರ್ಕು ಕೇಳಿ ಪಡೆದು, ಜಾಲರಿ ಮೀಟಿದ. ಒಳಗಿನ ಕಸ ಎಳೆದ. ನೀರು ಗಳಗಳ ಎಂದು ಇಳಿದು ಹೋಯಿತು. ಇಬ್ಬರೂ ಹಾಗೇ ಮಂಡಿಯ ಮೇಲೆ ಕೂತು ಆ ಸದ್ದು ನಿಲ್ಲುವವರೆಗೂ ಕೇಳಿದರು.

"ಸೋಮವಾರ ಹೋಗ್ಬೇಡ ಕಣೋ," ಎಂದ ರಸಮಟ್ಟ.

ವಾಷರ್ ಫೋರ್ಕನ್ನು ಅಂಗಿಗೆ ಒರೆಸಿ ಪಕ್ಕದ ಮೇಜಿನವರ ಕಡೆ ಚಾಚಿದ. ಅವರು ತೆಗೆದುಕೊಳ್ಳಲಿಲ್ಲ. "ವ್ಯಾನು ಮನೆ ಬಾಗಿಲಿಗೇ ಬರುತ್ತಂತೆ," ಎಂದ.

"ಬರ್ಲಿ. ಖಾಲಿ ವಾಪಸ್ ಹೋಗ್ಲಿ."

"ನರ್ಸಮ್ಮ ನಾಲ್ಕು ತಿಂಗಳಿಂದ ಪೊರಕೆಯಲ್ಲಿ ನೀರು ತಳ್ತಿದಾಳೆ ಕಣೋ. ನೀನು ಆ ಬಚ್ಚಲು ಕಿತ್ತು ಹಾಕು, ನಾನು ಹೋಗಲ್ಲ. ನಾನು ಹೇಳಿದ್ದು ಸರಿ ಅಂತ ನೀನೇನೂ ಒಪ್ಕೊಳ್ಳೋದು ಬೇಡ. ನೆಲ ಕೀಳು. ಮೊಳಕ್ಕೆ ಒಂದು ಬೆರಳು ವಾಟ ಕೊಡು."

ರಸಮಟ್ಟನ ಕತ್ತು ಕೆಂಪಾಯಿತು. ಕಿವಿ ಕೆಂಪಾಯಿತು. ಬಾಮೈದ ಕೋಟು ತಬ್ಬಿಕೊಂಡು ದೂರದಿಂದ ಇದನ್ನು ನೋಡಿ, ಮುಗಿಯಿತು, ಎಲ್ಲ ಮುಗಿಯಿತು ಎಂದುಕೊಂಡ.

"ಒಂದು ಬೆರಳಾ?" ಎಂದು ಗುಡುಗಿದ ರಸಮಟ್ಟ. "ಬಚ್ಚಲಿಗೆ ಯಾವನಾದ್ರೂ ಒಂದು ಬೆರಳು ವಾಟ ಕೊಡ್ತಾನಾ? ಆ ಅಮ್ಮನಿಗೆ ಎಪ್ಪತ್ತು ವರ್ಷ, ಜಾರಿ ಬೀಳ್ಲಿ ಅಂತಲಾ? ಅರ್ಧ ಬೆರಳು ಸಾಕು."

"ಅರ್ಧಕ್ಕೆ ನೀರು ಹೋಗಲ್ಲ."

"ನಿನ್ನ ಪೈಪು ಸರಿ ಇದ್ರೆ ಹೋಗುತ್ತೆ."

"ನನ್ನ ಪೈಪಿನ ಸುದ್ದಿಗೆ ಬಂದ್ರೆ ನೋಡು."

"ಬರ್ತೀನಿ. ಏಳು ಗಂಟೆಗೆ ಬರ್ತೀನಿ ಸೋಮವಾರ, ಬಂದು ಪೈಪೂ ನೋಡ್ತೀನಿ."

ಇಬ್ಬರೂ ಎದ್ದು ನಿಂತಿದ್ದರು. ಒಬ್ಬ ತೋರುಬೆರಳು ಎತ್ತಿದರೆ ಇನ್ನೊಬ್ಬ ಅದರ ಅರ್ಧಕ್ಕೆ ಉಗುರಿನಿಂದ ಗೆರೆ ಹಾಕಿ ತೋರಿಸುವನು. ಇಪ್ಪತ್ತೆರಡು ವರ್ಷದಲ್ಲಿ ವಾಷರ್ ಇಷ್ಟು ಜೋರಾಗಿ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಕೂಗುತ್ತಲೇ ಇಬ್ಬರೂ ಮೇಜಿಗೆ ಬಂದರು, ಕೂಗುತ್ತಲೇ ಕೂತರು. ಕೂಗುತ್ತಲೇ ವಾಷರ್ ಮೀನನ್ನು ಎರಡು ಹೋಳು ಮಾಡಿ ದೊಡ್ಡದನ್ನು ಆ ಕಡೆ ತಳ್ಳಿದ, ರಸಮಟ್ಟ ಅದನ್ನು ಬಾಯಿಗೆ ಹಾಕಿಕೊಂಡೇ ಅರ್ಧ ಬೆರಳು, ಅರ್ಧ ಬೆರಳು ಎಂದು ಮೇಜು ಕುಟ್ಟಿದ. ಗೆಣಸು ಹೋಯಿತು, ಅಣಬೆ ಹೋಯಿತು, ಬಾಮೈದನ ತೊಡೆಯ ಮೇಲಿದ್ದ ತಟ್ಟೆಯೂ ಹೋಯಿತು. ಖಾಲಿ ತಟ್ಟೆಗಳನ್ನು ಹುಡುಗಿ ಓಡಿ ಓಡಿ ಎತ್ತಿದಳು.

ಒಡತಿ ಹೆದರಿ ಬಾಮೈದನ ಪಕ್ಕ ಬಂದು ಬಗ್ಗಿದಳು. ಬೇರೆಯವರು ಊಟ ಬಿಟ್ಟು ಇವರನ್ನೇ ನೋಡುತ್ತಿದ್ದಾರೆ, ಹೊಡೆದಾಟ ಆಗುವ ಮುಂಚೆ ಯಾರನ್ನಾದರೂ ಕರೆಸಲೇ ಎಂದು ಕೇಳಿದಳು.

ಬಾಮೈದ ಕೈಗೆ ಸಿಕ್ಕಿದ ಕೊನೆಯ ಮೊಟ್ಟೆಯನ್ನು ಉರುಳದಂತೆ ಗಟ್ಟಿಯಾಗಿ ಹಿಡಿದುಕೊಂಡಿದ್ದ. "ಏನೂ ಬೇಡ ಮೇಡಂ," ಎಂದ. "ಅವರು ಜಗಳ ಆಡ್ತಿಲ್ಲ. ಸೋಮವಾರದ ಕೆಲಸ ಮಾತಾಡ್ಕೊಳ್ತಿದಾರೆ."